ಗೋಡೆಗಿಟ್ಟ ಬೊಟ್ಟು

ತರುಬಾಲಾ ತಮ್ಮನ ಹಣೆಗೆ ಗಂಧದ ಬೊಟ್ಟಿಟ್ಟು ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಬೇಲಿಯಾಚೆ ಬೂಟಿನ ಸದ್ದಾಯಿತು. ಸ್ವದೇಶಿ ಕರಪತ್ರ ಹಂಚಿ ಎಂಟು ತಿಂಗಳಿಂದ ತಲೆಮರೆಸಿಕೊಂಡಿದ್ದ ಶೈಲೇಶ ಈ ಒಂದು ಬೊಟ್ಟಿಗಾಗಿ ಮೇಘನಾ ನದಿ ದಾಟಿ ಬಂದಿದ್ದ. ಸಿಕ್ಕಿಬಿದ್ದರೆ ಕರಿನೀರಿನ ಶಿಕ್ಷೆಯೇ ಗತಿ.

“ಅಟ್ಟ ಹತ್ತೋ!”

“ಇನ್ನೊಂದೇ ಒಂದು ಉಂಡೆ, ಅಕ್ಕಾ...”

“ನಿನ್ನ ಹೊಟ್ಟೆಬಾಕತನಕ್ಕಿಷ್ಟು ಬೆಂಕಿ ಹಾಕ! ಹತ್ತೋ ಅಂದ್ರೆ!”

ಅವನು ಮೇಲೆ ಭತ್ತದ ಮೂಟೆಗಳ ಹಿಂದೆ ಸೇರಿಕೊಂಡ. ಅವನು ಕಚ್ಚಿಬಿಟ್ಟಿದ್ದ ಕೊಬ್ಬರಿ ಉಂಡೆಯನ್ನು ತರುಬಾಲಾ ಗಬಕ್ಕನೆ ತನ್ನ ಬಾಯಿಗೆ ತುರುಕಿಕೊಂಡಳು. ಪೊಲೀಸ್ ದಾರೋಗಾ ಉಮಾಚರಣ ಬಾಬು ಒಳಗೆ ಬಂದಾಗ ಅವಳ ಕೆನ್ನೆ ಇನ್ನೂ ಉಬ್ಬಿಯೇ ಇತ್ತು.

“ಭಾಯ್‌ಫೋಟಾ ಹಬ್ಬದ ದಿನಾನೂ ತಮ್ಮ ಬರಲಿಲ್ವೇನಮ್ಮ?”

“ಎಂಟು ತಿಂಗಳಾಯ್ತು ಅವನ ಮುಖ ಕಂಡು. ಹಗಲೂ ರಾತ್ರಿ ಅವನ ಹಿಂದೆ ಓಡೋರು ನೀವು. ಎಲ್ಲಿದಾನೆ ಅಂತ ನೀವೇ ಹೇಳ್ಬೇಕು, ದಾರೋಗಾ ಬಾಬು.”

ದಾರೋಗಾ ನಗಲಿಲ್ಲ. ಹಾಸಿದ ಚಾಪೆ, ಉರಿಯುವ ದೀಪ, ಗಂಧದ ಬಟ್ಟಲು ಎಲ್ಲವನ್ನೂ ನೋಡಿ, ಆಮೇಲೆ ನಾಲ್ಕೂ ಗೋಡೆ ನೋಡಿದರು.

“ಮತ್ತೆ ಗೋಡೆ ಮೇಲೆ ಬೊಟ್ಟೆಲ್ಲಿ?”

ತರುಬಾಲಾ ಗೋಡೆಯತ್ತ ತಿರುಗಿದಳು. ಸೋದರ ದೂರದಲ್ಲಿದ್ದರೆ ಅವನ ಹೆಸರಿನಲ್ಲಿ ಗೋಡೆಗೆ ಬೊಟ್ಟಿಟ್ಟು, ಯಮನ ಬಾಗಿಲಿಗೆ ಮುಳ್ಳು ಬೀಳಲೆಂದು ಬೇಡಿಕೊಳ್ಳದ ಹೆಣ್ಣು ಆ ಸೀಮೆಯಲ್ಲೇ ಇರಲಿಲ್ಲ. ಹಣೆಯೇ ಎದುರಿಗೆ ಬಂದು ಕೂತಿರುವಾಗ ಅವಳಿಗೆ ಗೋಡೆಯ ನೆನಪು ಎಲ್ಲಿಂದ ಬರಬೇಕು!

“ಈಗ... ಈಗ ಇಡೋಣ ಅಂತಿದ್ದೆ.”

“ಹಾಗಾದ್ರೆ ಬೇಗ ಇಡು ತಾಯಿ.” ದಾರೋಗಾ ದನಿ ತಗ್ಗಿಸಿದರು. “ಸಾಹೇಬ್ರು ಅಂಗಳದಲ್ಲಿದಾರೆ. ಬಂಗಾಳಕ್ಕೆ ಬಂದು ಹದಿನೆಂಟು ವರ್ಷ ಆಯ್ತು ಅವರಿಗೆ. ನಮ್ಮ ಗೋಡೆ ಓದೋದನ್ನೂ ಕಲ್ತಿದಾರೆ.”

ಅವಳ ಕಿರುಬೆರಳು ಗೋಡೆ ಮುಟ್ಟುವುದಕ್ಕೂ ಸಾಹೇಬ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಸಾಹೇಬ ಬೊಟ್ಟು ನೋಡಿದ, ಅಟ್ಟದ ಏಣಿ ನೋಡಿದ, ಮತ್ತೆ ಬೊಟ್ಟು ನೋಡಿದ. “ಇಲ್ಲಿಗೆ ಬಂದಿಲ್ಲ,” ಎಂದು ಹೊರಗೆ ನಡೆದ.

ದಾರೋಗಾ ಒಂದು ಗಳಿಗೆ ಹಿಂದುಳಿದರು. ತಾನು ಬೆಳಿಗ್ಗೆಯಷ್ಟೇ ಬಾಯಿತುಂಬ ಶಪಿಸಿದ್ದ ಆ ಮನುಷ್ಯನ ಮೇಲೆ ತರುಬಾಲಾಳಿಗೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

“ನಿಮಗೆ ಅಕ್ಕತಂಗೀರು ಯಾರೂ ಇಲ್ವೇ?”

“ಒಬ್ಬ ತಂಗಿ ಇದಾಳೆ, ಫರೀದ್‌ಪುರದಲ್ಲಿ. ನಾನು ಈ ನೌಕರಿಗೆ ಸೇರಿದ ಮೇಲೆ ನನ್ನ ಹಣೆಗೂ ಇಲ್ಲ, ಅವಳ ಗೋಡೆಗೂ ಇಲ್ಲ.”

ತರುಬಾಲಾ ಗಂಧದ ಬಟ್ಟಲಿಗೆ ಬೆರಳದ್ದಿದಳು. “ಟೋಪಿ ತೆಗಿ, ಅಣ್ಣ.”

ಐವತ್ತು ದಾಟಿದ ದಾರೋಗಾ ಟೋಪಿ ತೆಗೆದು ತಲೆ ಬಗ್ಗಿಸಿದರು. ಅವಳು ಬೊಟ್ಟಿಡುತ್ತಿದ್ದಂತೆ ಹೊರಗಿನಿಂದ ಸಾಹೇಬ ಕೂಗಿದ. ಒರೆಸಿಕೊಳ್ಳಲೆಂದು ಮೇಲೆದ್ದ ದಾರೋಗಾರ ಕೈ ಅರ್ಧಕ್ಕೇ ನಿಂತಿತು. ಅವರು ಸರ್ಕಾರದ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಬಿಸಿಲಿಗಿಳಿದರು.