ಪ್ರತಿಯಲ್ಲಿ ಉಳಿದ ಹೆಸರು

ಆಸ್ಮಾ ಆ ಹೆಸರನ್ನು ಅಳಿಸುತ್ತಿರುವುದು ಇದು ಮೂರನೇ ಸಲ.

ಅವರೆಕಾಯಿಯ ಕಾಲ. ಚಿಂತಾಮಣಿಯ ಪೇಟೆ ಬೀದಿಯಲ್ಲಿ ಬೆಳಿಗ್ಗೆಯಿಂದ ಮೂಟೆಗಳು ಇಳಿಯುತ್ತಲೇ ಇದ್ದವು. ಸೊಗಡಿನ ವಾಸನೆ ಅಂಗಡಿಯೊಳಗಿನ ಕಾಗದಕ್ಕೂ ಹತ್ತಿತ್ತು. ಗಂಡ ಮುದಸ್ಸಿರ್ ಕಾರ್ಡು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಬಿಟ್ಟು ಕಾದು ಕೂತಿದ್ದ. ಅಂಬಾಜಿದುರ್ಗದ ಕಡೆಯ ಆವುಲಪ್ಪನವರ ವೈಕುಂಠ ಸಮಾರಾಧನೆಯ ಕಾರ್ಡು, ಐನೂರು, ಮಧ್ಯಾಹ್ನದ ಊಟದ ಹೊತ್ತಿಗೆ ಕೊಡಬೇಕು.

ಸಾವಿನ ಕಾರ್ಡಿಗೆ ಈ ಅಂಗಡಿಯಲ್ಲಿ ಖಾಲಿ ಹಾಳೆ ತೆರೆಯುವುದಿಲ್ಲ. ಮಾವ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಬಂದ ನಡವಳಿಕೆ ಅದು. ಸಾವಿಗೆಂದು ಖಾಲಿ ಜಾಗ ಮಾಡಿಡಬಾರದು, ಹಳೆಯದರ ಮೇಲೇ ಹೊಸದನ್ನು ಕೂರಿಸಬೇಕು. ಈಗ ಎಲ್ಲವೂ ಆನ್‌ಲೈನು. ಹಿಂದಿನವರ ಫೈಲನ್ನು ನಕಲು ಮಾಡುವುದು. ಹೆಸರು, ದಿನಾಂಕ, ಕೆಳಗಿನ 'ದುಃಖತಪ್ತರು' ಪಟ್ಟಿ ತಿದ್ದುವುದು. ನೋಡಿ ಒಪ್ಪಲೆಂದು ಅದರ ಲಿಂಕನ್ನು ಮನೆಯವರ ಫೋನಿಗೆ ಕಳಿಸುವುದು. ಅಕ್ಷರ ತಪ್ಪಿದ್ದರೆ ಅವರೇ ಅಲ್ಲೇ ತಿದ್ದಬಹುದು.

ನಕಲಿನ ಅಪಾಯ ಅವಳಿಗೆ ಗೊತ್ತಿಲ್ಲದ್ದಲ್ಲ. ಹೋದ ವರ್ಷ ಹಳೆಯದೊಂದು 'ದಿವಂಗತ' ಉಳಿದುಹೋಗಿ, ಗಟ್ಟಿಮುಟ್ಟಾಗಿದ್ದ ಮುದುಕರೊಬ್ಬರ ಹೆಸರಿನ ಹಿಂದೆ ಅಚ್ಚಾಗಿತ್ತು. ಅರ್ಧ ಗಿರಾಕಿಗಳು ಎದುರಂಗಡಿ ಸೇರಿದ್ದರು. ಇನ್ನೊಂದು ತಪ್ಪಾದರೆ ಬಾಗಿಲು ಎಳೆಯುವುದೇ.

ಫೋನು ಹೊಡೆದುಕೊಂಡಿತು. ಆವುಲಪ್ಪನವರ ಹಿರಿಯ ಮಗ ರಮೇಶ್‌ಬಾಬು.

"ಏನಮ್ಮ ನೀನು! 'ಮಗಳು ಕಲ್ಯಾಣಿ' ಅಂತ ಇನ್ನೂ ಹಂಗೇ ಐತಲ್ಲ. ನಿದ್ದೆಗಣ್ಣಲ್ಲಿ ಕೆಲಸ ಮಾಡ್ತೀಯೋ ಹೆಂಗೆ?"

"ತೆಗೆದೆ ಸಾರ್, ಮತ್ತೆ ಬಂದಿದೆ. ನಿಮ್ಮಲ್ಲೇ ಯಾರಾದ್ರೂ ಸೇರಿಸಿದ್ರಾ?"

"ನಮ್ಮಲ್ಲಿ ಯಾರಮ್ಮ? ಲಿಂಕು ನನ್ ಹತ್ರ ಐತೆ, ಅಮ್ಮನ ಹತ್ರ ಐತೆ. ಅಮ್ಮಂಗೆ ಓದಕ್ಕೇ ಬರಲ್ಲ, ಯಾರ ಕೈಲಾದ್ರೂ ಓದಿಸ್ಕೊಂತಾಳೆ."

"ಕಲ್ಯಾಣಿ ಅಂದ್ರೆ ಯಾರು ಸಾರ್?"

ರಮೇಶ್‌ಬಾಬು ದನಿ ತಗ್ಗಿಸಿದ.

"ತಂಗಿ. ಎಂಟು ವರ್ಷ ಆಯ್ತು. ಅವಳ ಕಾರ್ಡೂ ನಿಮ್ಮಲ್ಲೇ ಮಾಡ್ಸಿದ್ದು. ಮಾತು ಬ್ಯಾಡ, ತೆಗಿ ಅದನ್ನ."

ಆಸ್ಮಾ ಹಳೆಯ ಫೈಲುಗಳನ್ನು ಒಂದೊಂದೇ ತೆರೆಯುತ್ತ ಹಿಂದಕ್ಕೆ ಹೋದಳು. ಶ್ಯಾಮಲಮ್ಮ, ಮೋಹನ್‌ಬಾಬು, ಪೆದ್ದಮ್ಮ... ಸತ್ತವರ ಸಾಲು. ಯಾವುದರಲ್ಲೂ ಆ ಹೆಸರಿಲ್ಲ. ಎಂಟು ವರ್ಷದ ಕೆಳಗೆ ಸಿಕ್ಕಿತು. ವೈಕುಂಠ ಸಮಾರಾಧನೆ, ಕಲ್ಯಾಣಿ. ಫೋಟೋ ಇಲ್ಲ. ವಯಸ್ಸಿಲ್ಲ. ದುಃಖತಪ್ತರು: ತಂದೆ ಆವುಲಪ್ಪ, ಇಬ್ಬರು ಅಣ್ಣಂದಿರು. ಹೆತ್ತವಳು ವೆಂಕಟರತ್ನಮ್ಮನ ಹೆಸರು ಮಾತ್ರ ಇಲ್ಲ.

ಹಾಗಾದರೆ ಇದು ನಕಲಿನಲ್ಲಿ ಉಳಿದದ್ದಲ್ಲ. ಅವಳು ಪರದೆಯನ್ನು ಗಂಡನ ಕಡೆ ತಿರುಗಿಸಿದಳು.

"ಫೈಲಿಗೆ ಜಿನ್ನು ಹೊಕ್ಕಿದೆ ಕಣೇ," ಮುದಸ್ಸಿರ್ ನಕ್ಕ. "ಮೌಸಿಗೊಂದು ತಾಯಿತ ಕಟ್ಟು."

ಅವಳಿಗೆ ನಗು ಬರಲಿಲ್ಲ. ಇನ್ನೊಂದು ನಕಲು ಮಾಡಿ, ಪಟ್ಟಿಯನ್ನು ಎರಡು ಸಲ ಓದಿ, ಲಿಂಕು ಕಳಿಸಿದಳು. ಈ ಸಲ ಕಣ್ಣು ತೆಗೆಯದೆ ಪರದೆಯನ್ನೇ ನೋಡುತ್ತ ಕೂತಳು.

ಗಂಡುಮಕ್ಕಳ ಹೆಸರಿನ ಕೆಳಗೆ ನೇರಳೆ ಬಣ್ಣದ ಕರ್ಸರ್ ಗೆರೆಯೊಂದು ಬಂದು ಮಿನುಗಿತು. ಮ. ಗ. ಳು. ಒಂದೊಂದೇ ಅಕ್ಷರ, ಅಚ್ಚುಕಟ್ಟಾಗಿ, ಯಾರೂ ಮುಟ್ಟದೆ ಮೂಡಿದವು.

ಆಸ್ಮಾ ಬಾಯಲ್ಲೇ ದುವಾ ಹೇಳಿಕೊಳ್ಳುತ್ತ ಅದರ ಕೆಳಗೇ ಟೈಪು ಮಾಡಿದಳು. 'ಯಾರು?'

'ಕಲ್ಯಾಣಿ.'

'ನೀವು ಬದುಕಿಲ್ಲ. ನಿಮ್ಮ ಕಾರ್ಡು ನಾನೇ ಮಾಡಿದ್ದೆ.'

'ನೋಡಿದೀನಿ ಅಕ್ಕ. ಚೆನ್ನಾಗೇ ಮಾಡಿದ್ರಿ.'

ಬೀದಿಯಲ್ಲಿ ಮೂಟೆಯೊಂದು ಧೊಪ್ಪನೆ ಬಿತ್ತು. ಆಸ್ಮಾ ಬೆಚ್ಚಿ ಕುರ್ಚಿ ಹಿಂದಕ್ಕೆ ಸರಿಸಿದಳು. ಮತ್ತೆ ಹತ್ತಿರ ಬಂದಳು.

'ಏನು ಬೇಕು?'

'ಅಪ್ಪನ ಹೆಸರ ಕೆಳಗೆ ಒಂದ್ಸಲ ನನ್ನ ಹೆಸರಿರಬೇಕು.'

'ನಿಮ್ಮಣ್ಣ ಒಪ್ಪಲ್ಲ. ಕಾರ್ಡು ವಾಪಸ್ ಬಂದ್ರೆ ನನ್ನ ಅಂಗಡಿ ಉಳಿಯಲ್ಲ.'

ನೇರಳೆ ಗೆರೆ ಮಿನುಗುತ್ತ ನಿಂತಿತು.

ಆಸ್ಮಾ ಫೈಲನ್ನು ಎರಡು ಮಾಡಿದಳು. ಹೆಸರಿಲ್ಲದ್ದನ್ನು ಯಾರಿಗೂ ಕಳಿಸದೆ, ಐನೂರು ಎಂದು ಪ್ರಿಂಟಿಗೆ ಕೊಟ್ಟಳು. ಹೆಸರಿದ್ದದ್ದನ್ನು ಒಂದೇ ಒಂದು. ಬೆಚ್ಚಗೆ ಹೊರಬಂದ ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಬರೆದಳು.

'ನಿಮ್ಮದು ಒಂದು ತೆಗೆದಿದ್ದೀನಿ. ದುಡ್ಡೇನೂ ಬೇಡ. ಎಲ್ಲಿಡ್ಲಿ, ನಿಮ್ಮ ಸಮಾಧಿ ಹತ್ರಾನಾ?'

ನೇರಳೆ ಗೆರೆ ಮತ್ತೆ ಓಡಿತು.

'ಬೇಡ ಅಕ್ಕ. ಅಮ್ಮ ಏನೇ ಬಂದ್ರೂ ನನಗೆ ಕಳಿಸಿ ಫೋನಲ್ಲಿ ಓದಿಸ್ಕೋತಾಳೆ, ಹಂಗೇ ಈ ಲಿಂಕೂ ಸಿಕ್ತು. ಸಂಜೆ ತೊಂಡೇಬಾವಿಯಿಂದ ನಮ್ಮ ಯಜಮಾನ್ರು ಬರ್ತಾರೆ, ಅವರ ಕೈಗೆ ಕೊಡಿ. ಇವರನ್ನ ಮದ್ವೆಯಾದೆ ಅಂತಲೇ ಅಪ್ಪ ನಾನು ಬದುಕಿರೋವಾಗ್ಲೇ ನನ್ನ ತಿಥಿ ಮಾಡ್ಸಿದ್ದು.'