ಕೆಂಪು ದಾರದ ನಗು

“ಟೀಚರ್, ಇವಳು ಅಳೋವಳು ಅಂದ್ರಿ. ಮತ್ತೆ ನಗ್ತಾ ಇದಾಳಲ್ಲ?”

ಸಂಡೇ ಸ್ಕೂಲಿನ ಕೋಣೆಯಲ್ಲಿ ಗಲಾಟೆ ಗಪ್ಪೆಂದು ನಿಂತಿತು. ಕೇಳಿದವಳು ಮೂರನೆಯ ಬೆಂಚಿನ ಪುಟ್ಟಿ. ಎಂಟು ವರ್ಷದ ಆ ಹುಡುಗಿ ಅಮ್ಮನನ್ನು ಮಣ್ಣು ಮಾಡಿ ಬಂದು ಎರಡು ತಿಂಗಳಾಗಿತ್ತು. ಅಂದಿನಿಂದ ಇಲ್ಲಿ ಒಂದು ಮಾತಾಡಿದವಳಲ್ಲ, ಒಂದು ಹನಿ ಕಣ್ಣೀರು ಹಾಕಿದವಳಲ್ಲ. ಬರುವಳು, ಕೂರುವಳು, ಹೋಗುವಳು. ಅಂಥವಳು ಬಾಯಿ ಬಿಟ್ಟಳಲ್ಲ ಎಂಬ ಖುಷಿಗೆ ಟೀಚರಿಗೆ ಪ್ರಶ್ನೆ ಏನೆಂಬುದೇ ಮೊದಲು ಹೊಳೆಯಲಿಲ್ಲ.

ಟೀಚರ್ ವಾರವೆಲ್ಲ ಟೈಲರ್, ಭಾನುವಾರ ಮಾತ್ರ ಟೀಚರ್. ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಗಳಲ್ಲೇ ಬೈಬಲಿನ ಜನರನ್ನು ಕತ್ತರಿಸಿ, ಉಣ್ಣೆಬಟ್ಟೆ ಹೊದಿಸಿದ ಹಲಗೆಗೆ ಅಂಟಿಸಿ ಕಥೆ ಹೇಳುವುದು ಅವರ ಪದ್ಧತಿ. ನೋಹನ ಆನೆ ಯಾರದೋ ಪ್ಯಾಂಟು, ಗೊಲ್ಯಾತ ಇನ್ಯಾರದೋ ಕೋಟಿನ ಒಳಪದರ. ಇವತ್ತಿನ ಪಾಠ ಸಂತೋಷ. ಬಡವರು ಧನ್ಯರು, ಹಸಿದವರು ಧನ್ಯರು, ಅಳುವವರೂ ಧನ್ಯರು, ಅವರಿಗೆ ಸಮಾಧಾನ ಸಿಗುವುದು ಎಂದು ಯೇಸು ಬೆಟ್ಟದ ಮೇಲೆ ಕೂತು ಹೇಳಿದ್ದು. ಧನ್ಯರು ಎಂದ ಮೇಲೆ ನಗದೆ ಇರುತ್ತಾರೆಯೇ? ಟೀಚರ್ ಅಳುವ ಹೆಂಗಸನ್ನೂ ಬಿಡದೆ ಎಲ್ಲರ ಮುಖಕ್ಕೂ ಕೆಂಪು ದಾರದಲ್ಲಿ ಕೆನ್ನೆ ತುಂಬ ನಗು ಹೊಲಿದು ತಂದಿದ್ದರು.

ಅಷ್ಟು ಉತ್ಸಾಹಕ್ಕೆ ಕಾರಣವೂ ಇತ್ತು. ಬುಧವಾರ ಪುಟ್ಟಿಯ ಅಪ್ಪ ಅಂಗಡಿಗೆ ಬಂದಿದ್ದ. ಅವನದು ಫೋಟೋ ಸ್ಟುಡಿಯೋ; ಬೆಳಗಿಂದ ಸಂಜೆವರೆಗೆ “ಸ್ವಲ್ಪ ನಗಿ, ಇನ್ನೂ ಸ್ವಲ್ಪ” ಎನ್ನುವ ಕೆಲಸ. “ಹೇಗಾದ್ರೂ ಮಾಡಿ ಅವಳನ್ನ ಒಂದ್ಸಲ ನಗಿಸಿ ಟೀಚರಮ್ಮ,” ಎಂದಿದ್ದ. “ಅಮ್ಮ ದೇವರ ಹತ್ರ ಸಂತೋಷವಾಗಿದಾಳೆ, ನಾವೂ ಸಂತೋಷವಾಗಿರ್ಬೇಕು, ಮನೇಲಿ ಯಾರೂ ಅಳೋ ಹಾಗಿಲ್ಲ ಅಂತ ಹೇಳಿಬಿಟ್ಟಿದೀನಿ. ಅಳು ಏನೋ ನಿಂತಿದೆ. ನಗುನೇ ಬರ್ತಿಲ್ಲ.” ಅದನ್ನೂ ಅವನು ನಗುನಗುತ್ತಲೇ ಹೇಳಿದ್ದ. ಹೆಂಡತಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗಲೂ ಆ ಮುಖ ಹಾಗೇ ಇತ್ತು. ಎಂಥ ವಿಶ್ವಾಸ ಎಂದು ಚರ್ಚಿನ ಸಭೆಯವರೆಲ್ಲ ಹೊಗಳಿದ್ದೇ ಹೊಗಳಿದ್ದು. “ಅದೇನು ಮಹಾ, ಈ ಭಾನುವಾರವೇ ನಗಿಸ್ತೀನಿ ಬಿಡಿ,” ಎಂದು ಟೀಚರ್ ಮಾತು ಕೊಟ್ಟು ಕೂತಿದ್ದರು.

“ಅದು ಹಾಗಲ್ಲ ಮರಿ,” ಎಂದರು ಈಗ. “ಮುಂದೆ ಸಮಾಧಾನ ಸಿಗುತ್ತಲ್ಲ, ಅದಕ್ಕೆ ಈಗ್ಲೇ ನಗ್ತಾ ಇದಾಳೆ.”

“ನಮ್ಮಜ್ಜಿನೂ ಟೀವಿ ನೋಡ್ತಾ ಅಳ್ತಾ ಅಳ್ತಾನೇ ನಗ್ತಾರೆ ಟೀಚರ್!” ಎಂದಿತು ಮೊದಲ ಬೆಂಚಿನ ‘ರೇಡಿಯೋ’. ಆ ಹುಡುಗಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಕೋಣೆಯೆಲ್ಲ ಗೊಳ್ಳೆಂದಿತು. ಪುಟ್ಟಿ ನಗಲಿಲ್ಲ. ಎದ್ದು ಬಂದು ಹಲಗೆಯ ಮುಂದೆ ನಿಂತಳು. ಬಟ್ಟೆಯ ಹೆಂಗಸಿನ ಮುಖವನ್ನು ಹತ್ತಿರದಿಂದ ನೋಡಿದಳು.

“ಇವಳು ಹೀಗೆ ನಗ್ತಾನೇ ಇದ್ರೆ ಯೇಸುಸ್ವಾಮಿಗೆ ಹೇಗೆ ಗೊತ್ತಾಗುತ್ತೆ ಟೀಚರ್? ಇವಳು ಚೆನ್ನಾಗೇ ಇದಾಳೆ ಅಂದ್ಕೊಂಡು ಮುಂದೆ ಹೋಗಿಬಿಡ್ತಾರೆ.”

ದೇವರಿಗೆ ಎಲ್ಲ ಗೊತ್ತಿರುತ್ತೆ ಎಂಬ ಉತ್ತರ ಟೀಚರ ನಾಲಿಗೆಯ ತುದಿಯಲ್ಲೇ ಇತ್ತು; ಇಪ್ಪತ್ತು ವರ್ಷದಿಂದ ಎಲ್ಲ ಪ್ರಶ್ನೆಗೂ ಅದನ್ನೇ ಕೊಟ್ಟು ಬಚಾವಾಗಿದ್ದರು. ಇವತ್ತು ನುಂಗಿಕೊಂಡರು. ಕೊರಳಿನ ದಾರದಲ್ಲಿ ಸದಾ ನೇತಾಡುವ ಪುಟ್ಟ ಕತ್ತರಿಯನ್ನು ಬಿಚ್ಚಿ ಹುಡುಗಿಯ ಕೈಗಿಟ್ಟರು.

“ನಂದೇ ತಪ್ಪು ಕಣೇ. ತಪ್ಪು ಹೊಲಿಗೆ ಬಿಚ್ಚಲೇಬೇಕು. ಬಟ್ಟೆ ಹರೀಬಾರ್ದು, ಅಷ್ಟೇ. ನಿಧಾನ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಪುಟ್ಟಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ನೆಲದ ಮೇಲೆ ಕೂತು, ಹಲಗೆಯಿಂದ ಬಿಡಿಸಿದ ಹೆಂಗಸನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಎಳೆ ಕತ್ತರಿಸಿ ಎಳೆದಳು. ರೇಡಿಯೋ ಕೂಡ ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಗು ಪೂರ್ತಿ ಹೋದ ಮೇಲೆ ಸೂಜಿಯ ಸಣ್ಣ ತೂತುಗಳಷ್ಟೇ ಉಳಿದವು. ಪುಟ್ಟಿ ಆ ಹೆಂಗಸನ್ನು ಹಲಗೆಯ ಮೊದಲಿನ ಜಾಗದಲ್ಲಿ ಅಂಟಿಸಲಿಲ್ಲ. ಯೇಸುವಿನ ಪಕ್ಕಕ್ಕೆ ಒಯ್ದು, ಅವನ ಬಿಳಿ ತೋಳು ಅವಳ ಮೇಲೆ ಬರುವಂತೆ ಒತ್ತಿದಳು. “ಈಗ ಗೊತ್ತಾಗುತ್ತೆ,” ಎಂದಳು. ಹಾಗೆಂದದ್ದೇ ತಡ, ಬಿಕ್ಕಿ ಬಿಕ್ಕಿ ಅಳತೊಡಗಿದಳು. ಟೀಚರ್ ಅವಳನ್ನು ಮಡಿಲಿಗೆ ಎಳೆದುಕೊಂಡರು, ಅಳಬೇಡ ಎನ್ನಲಿಲ್ಲ.

ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲೇ ಕಕ್ಕಾಬಿಕ್ಕಿಯಾದ. “ಇದೇನು ಟೀಚರಮ್ಮ, ನಗಿಸಿ ಅಂದ್ರೆ ಅಳಿಸಿಬಿಟ್ರಲ್ಲ!” ಎಂದ. ಮುಖದ ನಗು ಮಾತ್ರ ಇದ್ದಲ್ಲೇ ಇತ್ತು. ಮಗಳೆದುರು ಮೊಣಕಾಲೂರಿ ಕೂತ. “ಏ ಪುಟ್ಟಿ, ಅಳಬಾರ್ದು ಅಂದಿದ್ನಲ್ಲಮ್ಮ? ಎಲ್ಲಿ, ಸ್ವಲ್ಪ ನಗು ನೋಡೋಣ. ನೋಡು, ಅಪ್ಪ ಹೇಗೆ ನಗ್ತಾ ಇದೀನಿ.”

ಪುಟ್ಟಿ ನೋಡಿದಳು. ಒದ್ದೆ ಬೆರಳಿನಿಂದ ಅಪ್ಪನ ತುಟಿಯ ಈ ಅಂಚಿನಿಂದ ಆ ಅಂಚಿನವರೆಗೆ ಸವರಿದಳು. ತುಟಿ ನಡುಗುತ್ತಿತ್ತು. ಅವಳು ಕತ್ತರಿಯನ್ನು ಟೀಚರ ಕಡೆಗೆ ಚಾಚಿದಳು.

“ಅಪ್ಪಂದೂ ಹೊಲಿಗೆನೇ ಟೀಚರ್. ತುಂಬ ಗಟ್ಟಿ ಇದೆ. ನೀವೇ ಬಿಚ್ಚಿ.”