ಸ್ನೇಹಿತರ ತುರಿಕೆ

ಕ್ಷೌರಿಕ ಸುಳ್ಳು ಹೇಳಲು ಬಂದಿದ್ದಾನೆಂದು ಔಷಧಿ ಅಂಗಡಿಯ ಮಾತ್ರೆಯಕ್ಕನಿಗೆ ಅವನು ಬಾಯಿ ತೆರೆಯುವ ಮೊದಲೇ ಗೊತ್ತಾಯಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದಷ್ಟು ಹೊತ್ತೂ ಅವನು ಹಲ್ಲುಜ್ಜುವ ಬ್ರಷ್ಷುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ಒಂದು ಚೀಟಿಯನ್ನು ಗಾಜಿನ ಮೇಲೆ ಮೆಲ್ಲಗೆ ಸರಿಸಿದ.

“ನನಗಲ್ಲ ಅಕ್ಕ. ಸ್ನೇಹಿತರೊಬ್ಬರಿಗೆ.”

ಚೀಟಿಯಲ್ಲಿ ಚರ್ಮದ ಡಾಕ್ಟರ ಸಹಿಯಿತ್ತು, ಮೊಹರಿತ್ತು. ತೊಡೆಸಂದಿಯ ಹುಳುಕಡ್ಡಿಗೆ ನಾಲ್ಕು ವಾರ ನುಂಗುವ ಮಾತ್ರೆ. ರೋಗಿಯ ಹೆಸರಿದ್ದ ಮೂಲೆಯನ್ನು ಮಾತ್ರ ನೀಟಾಗಿ ಕತ್ತರಿಸಲಾಗಿತ್ತು. ಕತ್ತರಿ ಹಿಡಿದು ಪಳಗಿದ ಕೈಯ ಕೆಲಸ.

ಆ ಬೀದಿಗೆ ಇದ್ದದ್ದು ಅದೊಂದೇ ಔಷಧಿ ಅಂಗಡಿ. ಯಾರಿಗೆ ಮೂಲವ್ಯಾಧಿ, ಯಾರದು ಕಟ್ಟಿಸಿದ ಹಲ್ಲು, ಎಲ್ಲ ಅವಳಿಗೆ ಗೊತ್ತು. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ. ಆದರೆ ಎದುರು ಸಿಕ್ಕವರನ್ನು ಕಾಡದೆ ಬಿಟ್ಟವಳೂ ಅಲ್ಲ. ಅವಳ ನಗುವಿಗೆ ಹೆದರಿ ಕೆಲವು ಗಂಡಸರು ಕೆಮ್ಮಿನ ಔಷಧಿಗೂ ಹೆಂಡತಿಯರನ್ನೇ ಕಳಿಸುತ್ತಿದ್ದರು.

“ನಿಮ್ಮ ಸ್ನೇಹಿತರದು ಏನು ಕೆಲಸ?”

“ಬೆಳಗ್ಗಿಂದ ನಿಂತೇ ಇರೋ ಕೆಲಸ. ಬೆವರು ಜಾಸ್ತಿ.”

ಕ್ಷೌರದಂಗಡಿಯ ಫ್ಯಾನು ಕೆಟ್ಟು ತಿಂಗಳಾಗಿತ್ತು. ಮಾತ್ರೆಯಕ್ಕ ತುಟಿ ಕಚ್ಚಿ ನಗು ತಡೆದುಕೊಂಡಳು.

“ಮುಂಚೆ ಏನಾದ್ರೂ ಹಚ್ಚಿದ್ರಾ?”

“ಯಾವುದೋ ಟ್ಯೂಬು. ಡಾಕ್ಟರನ್ನ ಕೇಳ್ದೆ, ಅಂಗಡಿಯೋರನ್ನೂ ಕೇಳ್ದೆ ತಗೊಂಡು ಬಳ್ಕೊಂಡ್ರು. ಮೊದಲು ನಿಂತ ಹಾಗಾಯ್ತಂತೆ. ಆಮೇಲೆ ಎರಡರಷ್ಟು ಹರಡ್ತು.”

“ಗುಂಡು ಹಾಕ್ತಾರಾ? ಈ ಮಾತ್ರೆ ನುಂಗೋವಾಗ ಕುಡೀಬಾರ್ದು. ಲಿವರಿಗೆ ಒಳ್ಳೇದಲ್ಲ.”

“ಅವರು ಮುಟ್ಟೋದೇ ಇಲ್ಲ.”

ಸುಳ್ಳಿಗೂ ಒಂದು ಮಿತಿ ಬೇಡವೇ? ರಜೆಯ ದಿನ ಇವನು ರಸ್ತೆಯ ಅಗಲ ಅಳೆಯುತ್ತ ಮನೆಗೆ ಹೋಗುವುದನ್ನು ಇಡೀ ಬೀದಿಯೇ ನೋಡಿತ್ತು.

“ಹಾಗಾದ್ರೆ ನಾಲ್ಕು ವಾರ ನೀವೂ ಮುಟ್ಟಬೇಡಿ. ಸ್ನೇಹಿತರಿಗೆ ಜೊತೆಯಾಗ್ಲಿ. ನನ್ನ ಮೂಗು ಬಹಳ ಚುರುಕು, ಗೊತ್ತಲ್ಲ.”

“ನಾನ್ಯಾಕಕ್ಕ?” ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಆದರೂ ತಲೆಯಾಡಿಸಿದ.

ನಾಲ್ಕು ವಾರದ್ದನ್ನೂ ಒಟ್ಟಿಗೆ ಕೊಡಬಹುದಿತ್ತು. ವಾರಕ್ಕೊಮ್ಮೆ ಬಂದರೆ ಕಾಡಬಹುದಲ್ಲ ಎಂದು ಏಳೇ ಮಾತ್ರೆ ಕೊಟ್ಟಳು. ಪ್ರತಿ ಕಾಗದದ ಕವರಿನ ಮೇಲೂ ದಪ್ಪ ಅಕ್ಷರದಲ್ಲಿ ಬುದ್ಧಿಮಾತು ಬರೆಯುವುದು ಅವಳ ಪದ್ಧತಿ. ‘ಸ್ನೇಹಿತರಿಗೆ: ದಿನಕ್ಕೊಂದು, ಊಟದ ಜೊತೆ. ಟವೆಲ್ ಬೇರೆ ಇರಲಿ. ಕೆರೆಯಬೇಡಿ.’

ಅಂಗಡಿಯಲ್ಲಿ ಇಷ್ಟೆಲ್ಲ ನಗು. ಮನೆಗೆ ಹೋದರೆ ನಗುವುದಕ್ಕೆ ಏನೂ ಇರಲಿಲ್ಲ. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಅವಳ ಗಂಡ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋಗಿ ಎರಡು ವಾರವಾಗಿತ್ತು. “ನಿನ್ನ ಗೊರಕೆಗೆ ನಿದ್ದೆ ಬರಲ್ಲ ಕಣೆ” ಎಂದಿದ್ದ, ಮುಖ ಕೊಟ್ಟು ಮಾತಾಡದೆ. ಇಪ್ಪತ್ತೆರಡು ವರ್ಷ ಕೇಳಿಸದ ಗೊರಕೆ ಈಗ ಕೇಳಿಸಿತಂತೆ. ಅವಳಿಗೆ ನಾಚಿಕೆಯಾಯಿತು, ಆಮೇಲೆ ಭಯವಾಯಿತು. ಗೊರಕೆ ಬರೀ ನೆಪವಾಗಿ, ತಾನೇ ಬೇಡವಾಗಿದ್ದರೆ? ಮಗ್ಗುಲು ಬದಲಿಸಿ ಮಲಗಿದಳು. ದಿಂಬು ಎತ್ತರಿಸಿದಳು. ತನ್ನದೇ ಅಂಗಡಿಯಿಂದ ಗೊರಕೆ ತಡೆಯುವ ಪಟ್ಟಿ ತಂದು ಮೂಗಿಗೆ ಅಂಟಿಸಿಕೊಂಡಳು. ಹಾಸಿಗೆ ಮಾತ್ರ ವಾಪಸು ಬರಲಿಲ್ಲ.

ಮುಂದಿನ ವಾರ ಕ್ಷೌರಿಕ ಬಂದ. ಬಾಯಲ್ಲಿ ಏಲಕ್ಕಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

“ಸ್ನೇಹಿತರು ಹೇಗಿದ್ದಾರೆ?”

“ಕಮ್ಮಿಯಾಗಿದೆ. ಮಾತ್ರೆ ನಿಲ್ಲಿಸ್ಲಾ ಅಂತಾರೆ.”

“ಮಧ್ಯದಲ್ಲಿ ಬಿಟ್ರೆ ಮತ್ತೆ ವಕ್ಕರಿಸುತ್ತೆ. ಡಾಕ್ಟರು ಬರೆದಷ್ಟು ದಿನ ನುಂಗ್ಲಿ. ಮನೇಲಿ ಹೇಳಿದ್ದಾರಾ?”

“ಎಲ್ಲಿ ಹೇಳ್ತಾರಕ್ಕ, ಧೈರ್ಯ ಇಲ್ಲ.”

“ಯಾಕೆ, ಹೆಂಡ್ತಿ ಹುಲಿನಾ?”

“ಹುಲಿಯಾಗಿದ್ರೆ ಪರವಾಗಿರ್ಲಿಲ್ಲ. ನಗ್ತಾರೆ.”

ಕ್ಷೌರಿಕನ ಹೆಂಡತಿ ನಕ್ಕಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಮನೆಯೊಳಗೆ ನಗುತ್ತಾಳೇನೋ ಎಂದುಕೊಂಡಳು ಮಾತ್ರೆಯಕ್ಕ. ಬೀದಿಯ ಗಂಡಸರೆಲ್ಲ ಇವನ ಕುರ್ಚಿಯಲ್ಲೇ ತಲೆ ಬಗ್ಗಿಸುವವರು, ಇವನಿಗೆ ತಿಳಿದೀತು ಎಂದು ತಾನೂ ಒಂದು ಮಾತು ಕೇಳಿದಳು.

“ಈ ಗಂಡಸ್ರಿಗೆ ಗೊರಕೆ ಅಂದ್ರೆ ಅಷ್ಟೊಂದು ತಡ್ಕೊಳ್ಳೋಕಾಗಲ್ವಾ?”

“ನೀವೆಲ್ಲಿ ಗೊರಕೆ ಹೊಡೀತೀರಕ್ಕ” ಎಂದವನೇ ನಾಲಿಗೆ ಕಚ್ಚಿಕೊಂಡ. “ಅಂದ್ರೆ, ನೋಡಿದ್ರೆ ಹಾಗನಿಸಲ್ಲ.”

ನಾಲ್ಕನೆಯ ವಾರ ಬರುವ ಹೊತ್ತಿಗೆ ಅವಳಿಗೆ ಕಾಡುವ ಹುಮ್ಮಸ್ಸು ಉಳಿದಿರಲಿಲ್ಲ. ಹಿಂದಿನ ದಿನ ಗಂಡ ಊಟದ ತಟ್ಟೆಯನ್ನೂ ನಡುಮನೆಗೇ ಒಯ್ದಿದ್ದ. ಏಳು ಮಾತ್ರೆ ಎಣಿಸಿ ಕವರಿಗೆ ಹಾಕಿದಳು. ಬೇರೆ ಯಾವಳೋ ಒಬ್ಬಳಾದರೂ ತನ್ನ ಹಾಗೆ ಒದ್ದಾಡದಿರಲಿ ಎಂದು, ಎಂದಿನ ದಪ್ಪ ಅಕ್ಷರದಲ್ಲಿ ಬರೆದಳು.

ಕ್ಷೌರಿಕ ಅದನ್ನು ಎರಡು ಸಲ ಓದಿದ. ಅವನ ಮುಖ ಅರಳಿತು.

“ಇದನ್ನ ಅವರಿಗೇ ಮುಟ್ಟಿಸ್ತೀನಿ ಅಕ್ಕ. ಹಾಗೇ, ನಾನಿನ್ನು ಒಂದು ಗುಟುಕು...”

“ಇನ್ನೊಂದು ವಾರ.”

ಅವನು ನಿಟ್ಟುಸಿರು ಬಿಟ್ಟು ಹೋದ.

ವಾರ ಕಳೆದ ಮೇಲೆ ಒಂದು ಸಂಜೆ ಮಾತ್ರೆಯಕ್ಕ ಮನೆಗೆ ಬಂದರೆ ನಡುಮನೆ ಖಾಲಿ. ಹಾಸಿಗೆಯಿಲ್ಲ, ದಿಂಬಿಲ್ಲ. ಹೊರಟೇಹೋದನೇ? ಚಪ್ಪಲಿ ಬಿಡುವುದನ್ನೂ ಮರೆತು ಮಲಗುವ ಕೋಣೆಗೆ ಓಡಿದಳು. ಹಾಸಿಗೆ ಹಳೆಯ ಜಾಗದಲ್ಲಿತ್ತು. ಅದರ ಅಂಚಿನಲ್ಲಿ ಗಂಡ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕೂತಿದ್ದ.

“ನನ್ನ ಗೊರಕೆ ನಿಂತುಹೋಯ್ತೇನ್ರೀ?”

“ನಿನಗೆ ಗೊರಕೆ ಇರ್ಲೇ ಇಲ್ಲ ಕಣೆ” ಎಂದು ಅವನು ಜೇಬಿನಿಂದ ಮಡಿಸಿದ ಕಾಗದದ ಕವರೊಂದನ್ನು ತೆಗೆದು ಅವಳ ಕೈಗಿಟ್ಟ.

ಅವಳದೇ ದಪ್ಪ ಅಕ್ಷರ: ‘ಸ್ನೇಹಿತರಿಗೆ: ಮನೆಯಲ್ಲಿ ಹೇಳಿಬಿಡಿ. ಹೇಳದಿದ್ದರೆ ಆಕೆ ಇನ್ನೇನೋ ಅಂದುಕೊಂಡು ಅಳುತ್ತಾಳೆ. ನಕ್ಕರೆ ನನ್ನ ಹತ್ತಿರ ಕಳಿಸಿ, ಬುದ್ಧಿ ಹೇಳುತ್ತೇನೆ.’

“ಹೇಳ್ಬಿಟ್ಟೆ” ಎಂದ ಗಂಡ. “ಈಗ ನೀನು ನಕ್ರೆ, ನಿನ್ನನ್ನ ನಿನ್ನ ಹತ್ರಾನೇ ಕಳಿಸ್ಬೇಕಾಗುತ್ತೆ.”